ಹಂಚಿನ ಊರು, ಹಡಗಿನ ಊರು

ಉಡುಪಿ, ಕಾಪು, ಕಾರ್ಕಳಗಳ ಕಡೆಯ ನಮಗೆ ಮಂಗಳೂರೆಂದರೆ ಕೆಲಸದ ಊರು. ಆಸ್ಪತ್ರೆಗೆ, ವಿಮಾನ ನಿಲ್ದಾಣಕ್ಕೆ, ಮದುವೆಯ ಜವಳಿಗೆಂದು ಹೋಗುತ್ತೇವೆ, ಸಂಜೆಯ ಬಸ್ಸಿಗೆ ಮರಳುತ್ತೇವೆ. ಪಣಂಬೂರನ್ನು ಹಾಯುವಾಗ ಬಂದರಿನ ಕ್ರೇನುಗಳನ್ನೂ ಗೊಬ್ಬರದ ಕಾರ್ಖಾನೆಯನ್ನೂ ಕಂಡು, ಇಲ್ಲಿ ನೋಡತಕ್ಕದ್ದೇನಿದೆ ಎಂದುಕೊಳ್ಳುತ್ತೇವೆ. ಆ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ್ದು. ಹಳೆಯ ಬಂದರಿನ ಕಥೆಯಾದರೋ ಬಹಳ ಹಿಂದಿನದು.

1132ರ ಸುಮಾರಿಗೆ ಟುನೀಸಿಯ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಮಂಗಳೂರಿಗೆ ಬಂದು ನೆಲೆಸಿದನು. ಕಾಳುಮೆಣಸು, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದುದಲ್ಲದೆ ಇಲ್ಲಿಯೇ ಒಂದು ಕಂಚುಹಿತ್ತಾಳೆಯ ಕಾರ್ಯಾಗಾರವನ್ನೂ ನಡೆಸಿದನು. ಏಡನ್ನಿನವರು ತಮ್ಮ ಒಡೆದ ಪಾತ್ರೆಗಳನ್ನು ಹಡಗಿನಲ್ಲಿ ಕಳುಹಿಸಿ, ಕರಗಿಸಿ ಹೊಸತು ಮಾಡಿಕೊಡಬೇಕೆಂದು ಬರೆಯುತ್ತಿದ್ದರು! ಕೈರೋದ ಒಂದು ಸಿನಗಾಗಿನಲ್ಲಿ ಉಳಿದ ಹಳೆಯ ಕಾಗದಗಳಿಂದ ಇದೆಲ್ಲ ತಿಳಿದುಬಂದಿದೆ. ಕಾರ್ಖಾನೆಯು ಮಂಗಳೂರಿಗೆ ನಿನ್ನೆ ಮೊನ್ನೆ ಬಂದುದಲ್ಲ. ಲೋಹದ ಕೆಲಸದ ಸೊಗಸನ್ನು ಕಾಣಬೇಕಾದವರು ಕದ್ರಿಯ ದೇವಾಲಯದಲ್ಲಿರುವ, 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ವಿಗ್ರಹವನ್ನು ನೋಡಬೇಕು.

ಮುದ್ರಣದ ಮಾತನ್ನು ಬಲ್ಲವರು ಅನೇಕರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವು 1843ರಲ್ಲಿ ಹೊರಟದ್ದೂ, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯೇ.

ಹಂಚಿನ ವಿಷಯ ಮಾತ್ರ ನಮ್ಮನ್ನು ಚುಚ್ಚುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟ್ ಎಂಬವರು ಈ ನದಿಗಳ ಜೇಡಿಮಣ್ಣನ್ನು ಪರೀಕ್ಷಿಸಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಮಂಗಳೂರು ಹಂಚು ಮುಂಬಯಿಗೂ ಪೂರ್ವ ಆಫ್ರಿಕಕ್ಕೂ ಹಡಗೇರಿತು. ಅದೇ ಜೆಪ್ಪುವಿನ ಸೆಮಿನರಿಯಲ್ಲಿ ನಾವು ಓದಿದ್ದು. ಹಂಚಿನ ಕಾರ್ಖಾನೆಯ ಕೂಗು ನಮಗೆ ಗಡಿಯಾರವಾಗಿತ್ತೇ ಹೊರತು, ಒಂದು ದಿನವಾದರೂ ಒಳಹೊಕ್ಕು ಆವೆಗೂಡನ್ನು ನೋಡಿದವರಲ್ಲ. ಲ್ಯಾಟಿನ್ ಕ್ರಿಯಾಪದಗಳನ್ನು ಬಾಯಿಪಾಠ ಮಾಡುವುದರಲ್ಲಿ ಹೊತ್ತು ಹೋಯಿತು. ಈಗ ಆ ಕಾರ್ಖಾನೆಗಳಲ್ಲಿ ಅನೇಕವು ಮುಚ್ಚಿವೆ.

ಶತಮಾನೋತ್ಸವದ ಸಿದ್ಧತೆಗೆಂದು ನಮ್ಮ ಹಳೆಯ ಗುರುನಿವಾಸದ ಮಾಡನ್ನು ಬಿಚ್ಚಿಸಿದೆವಷ್ಟೆ. ಹಂಚುಗಳನ್ನೆಲ್ಲ ಲಾರಿಗೆ ತುಂಬಿ ಕೊಟ್ಟ ಮೇಲೆ, ಅಂಗಳದಲ್ಲಿ ಬಿದ್ದಿದ್ದ ಎರಡನ್ನು ತಿರುವಿ ನೋಡಿದರೆ ಬಾಸೆಲ್ ಮಿಷನ್ನಿನ ಮುದ್ರೆ, 1865 ಎಂಬ ಇಸವಿ! (ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಹಂಚಿನ ಪ್ರಾಯವಲ್ಲ.) ಒಪ್ಪಿಗೆಯ ಸಹಿ ನಮ್ಮದೇ, ಇನ್ನಾರನ್ನು ದೂರುವುದು?

ನಮ್ಮ ಯುವಜನರು ವರ್ಷವರ್ಷವೂ ಗೋವೆಗೆ, ವೇಳಾಂಕಣಿಗೆ ಪ್ರವಾಸ ಹೋಗುತ್ತಾರೆ, ಸಂತೋಷ. ಆದರೆ ಇಟಲಿಯ ಯೇಸುಸಭೆಯ ಸಹೋದರ ಆಂತೋನಿಯೊ ಮೊಸ್ಕೇನಿಯವರು 1899ರಿಂದ 1901ರ ವರೆಗೆ ಗೋಡೆ ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವು ಇಲ್ಲಿಂದ ಎರಡು ಗಂಟೆಯೊಳಗಿನ ಹಾದಿ. ಈ ಸಲ ಆ ಕಡೆಗೂ ಒಂದು ಬಸ್ಸು ಹೊರಡಲಿ, ನಾವೂ ಬರುತ್ತೇವೆ.

ಉಳಿದ ಎರಡು ಹಂಚುಗಳು ನಮ್ಮ ಕಚೇರಿಯಲ್ಲಿವೆ. ಹಟ್ಟಿಯ ಮಾಡಿನ ಮೇಲೆ ಇಂಥವು ಇನ್ನೂ ಇರುವವರು, ಬಿಚ್ಚುವ ಮೊದಲು ನಮಗೊಂದು ಮಾತು ತಿಳಿಸಬೇಕು.