ಎದುರು ಮುಖ ಮಾಡಿದ ಕಬ್ಬಿಣದ ಪದರಗಳು

ಮೊಬೈಲಿನಲ್ಲಿ ಜಾಗ ತುಂಬಿತು ಅಂತ ಮದುವೆ ಫೋಟೋಗಳನ್ನು ಕ್ಲೌಡ್‌ಗೆ ಹಾಕುತ್ತೇವೆ. ಅವು ಆಕಾಶದಲ್ಲೇನೂ ಇರುವುದಿಲ್ಲ. ಯಾವುದೋ ಡೇಟಾ ಸೆಂಟರ್‌ನಲ್ಲಿ, ಹೆಚ್ಚಾಗಿ ಹಾರ್ಡ್ ಡಿಸ್ಕ್ ಎಂಬ ತಿರುಗುವ ತಟ್ಟೆಗಳ ಮೇಲೆ, ಸಣ್ಣ ಸಣ್ಣ ಮ್ಯಾಗ್ನೆಟ್ ಗುರುತುಗಳಾಗಿ ಕೂತಿರುತ್ತವೆ. ಅಷ್ಟು ಸಣ್ಣ ಗುರುತನ್ನು ಓದಲು ಸಾಧ್ಯವಾದದ್ದು ಹೇಗೆ? ಆ ಕಥೆ ಶುರುವಾಗುವುದು ಹಾರ್ಡ್ ಡಿಸ್ಕ್‌ಗೆ ಸಂಬಂಧವೇ ಇಲ್ಲದ ಒಂದು ಪ್ರಶ್ನೆಯಿಂದ.

ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರದಲ್ಲಿದ್ದ ಪೀಟರ್ ಗ್ರುನ್‌ಬರ್ಗ್ ಅವರ ಪ್ರಶ್ನೆ ಇದು: ಕಬ್ಬಿಣದ ಎರಡು ತೆಳು ಪದರಗಳ ನಡುವೆ ಕ್ರೋಮಿಯಂ ಪದರ ಇಟ್ಟರೆ, ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುತ್ತದೆಯೇ? ತೆಳು ಅಂದರೆ ಎಷ್ಟು? ಕ್ರೋಮಿಯಂ ಪದರ ಸುಮಾರು ಒಂದು ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು.

1986ರಲ್ಲಿ ಉತ್ತರ ಸಿಕ್ಕಿತು. ಸುದ್ದಿ ಮುಟ್ಟುತ್ತದೆ. ಒಂದು ಪದರದ ಮ್ಯಾಗ್ನೆಟ್ ಉತ್ತರಕ್ಕೆ ಮುಖ ಮಾಡಿದರೆ, ಇನ್ನೊಂದು ತಾನಾಗಿ ದಕ್ಷಿಣಕ್ಕೆ ತಿರುಗಿ ನಿಲ್ಲುತ್ತಿತ್ತು. ನಡುವಿನ ಕ್ರೋಮಿಯಂನ ಎಲೆಕ್ಟ್ರಾನ್‌ಗಳೇ ಸುದ್ದಿ ಸಾಗಿಸುತ್ತಿದ್ದವು.

1988ರಲ್ಲಿ ಗ್ರುನ್‌ಬರ್ಗ್ ಇಂಥ ಪದರಗಳಲ್ಲಿ ಕರೆಂಟ್ ಹರಿಸಿ ನೋಡಿದರು. ಪ್ಯಾರಿಸ್ ಬಳಿಯ ಓರ್ಸೆಯಲ್ಲಿ ಆಲ್ಬರ್ಟ್ ಫರ್ಟ್ ತಂಡವೂ ಬೇರೆಯಾಗಿಯೇ ಅದನ್ನು ಮಾಡುತ್ತಿತ್ತು. ಪದರಗಳು ಎದುರು ಮುಖ ಮಾಡಿದ್ದಾಗ ಕರೆಂಟಿಗೆ ಅಡ್ಡಿ ಹೆಚ್ಚು. ಹೊರಗಿನ ಮ್ಯಾಗ್ನೆಟ್‌ನಿಂದ ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿದರೆ ಅಡ್ಡಿ ಕಡಿಮೆ. ಎಲೆಕ್ಟ್ರಾನ್‌ಗಳಲ್ಲಿ ಸ್ಪಿನ್ ಎಂಬ ಗುಣದಿಂದ ಎರಡು ಬಗೆ. ಪದರಗಳು ಒಂದೇ ಕಡೆ ನೋಡುತ್ತಿದ್ದರೆ ಒಂದು ಬಗೆಗಾದರೂ ದಾರಿ ಸಲೀಸು. ಎದುರು ಬದುರಾದರೆ ಎರಡೂ ಬಗೆ ಎಲ್ಲೋ ಒಂದು ಪದರದಲ್ಲಿ ಸಿಕ್ಕಿಕೊಳ್ಳುತ್ತವೆ.

ಗ್ರುನ್‌ಬರ್ಗ್ ಮೂರೇ ಪದರಗಳಲ್ಲಿ, ಸಾಮಾನ್ಯ ಕೋಣೆಯ ಶಾಖದಲ್ಲಿ, ಕಂಡ ವ್ಯತ್ಯಾಸ ಸುಮಾರು ಶೇಕಡಾ 1.5. ಫರ್ಟ್ ಹತ್ತಾರು ಪದರ ಪೇರಿಸಿ, ಮೈನಸ್ 269 ಡಿಗ್ರಿಯ ಚಳಿಯಲ್ಲಿ ಅಳೆದಾಗ ಅಡ್ಡಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಒಂದೂವರೆ ಪರ್ಸೆಂಟ್ ಅಂತ ಗ್ರುನ್‌ಬರ್ಗ್ ಸುಮ್ಮನಾಗಲಿಲ್ಲ. ಅದೇ ವರ್ಷ ಪೇಟೆಂಟಿಗೆ ಅರ್ಜಿ ಹಾಕಿದರು.

ಆದರೆ ಎರಡೂ ತಂಡಗಳು ಪದರ ಕಟ್ಟಿದ ವಿಧಾನ ನಿಧಾನದ್ದು, ದುಬಾರಿ. ಅಮೆರಿಕದ ಐಬಿಎಂನಲ್ಲಿದ್ದ ಸ್ಟುವರ್ಟ್ ಪಾರ್ಕಿನ್ ಕಾರ್ಖಾನೆಗಳಲ್ಲಿ ಬಳಸುವ ಸ್ಪಟರಿಂಗ್ ವಿಧಾನದಲ್ಲೇ ಇಂಥ ಪದರ ಮಾಡಿದರು. 1990ರಲ್ಲಿ ಇನ್ನೊಂದು ವಿಚಿತ್ರ ತೋರಿಸಿದರು. ನಡುವಿನ ಲೋಹ ದಪ್ಪವಾಗುತ್ತಾ ಹೋದಂತೆ ಕಬ್ಬಿಣದಂಥ ಪದರಗಳು ಒಮ್ಮೆ ಎದುರು ಮುಖ, ಒಮ್ಮೆ ಒಂದೇ ಮುಖ, ಮತ್ತೆ ಎದುರು ಮುಖ ಆಗುತ್ತವೆ! ಅಂದಮೇಲೆ ದಪ್ಪ ನೋಡಿಕೊಂಡರೆ ಬೇಕಾದ ಜೋಡಿ ಕಟ್ಟಬಹುದು.

1997ರಲ್ಲಿ ಐಬಿಎಂ ಈ ಪರಿಣಾಮದಿಂದ ಓದುವ ಹೆಡ್ ಇರುವ ಹಾರ್ಡ್ ಡಿಸ್ಕನ್ನು ಮಾರುಕಟ್ಟೆಗೆ ತಂದಿತು. ತೀರಾ ಕ್ಷೀಣವಾದ ಗುರುತನ್ನೂ ಅದು ಓದಬಲ್ಲದು. ಹಾಗಾಗಿ ಅದೇ ತಟ್ಟೆಯಲ್ಲಿ ಹೆಚ್ಚು ಗುರುತು ಹಿಡಿಸಿದವು. 2001ರಲ್ಲಿ ತಟ್ಟೆಯೊಳಗೇ ರುಥೇನಿಯಂ ಲೋಹದ ಮೂರು ಪರಮಾಣು ದಪ್ಪದ ಪದರ ಬಂತು. ಅದರ ಮೇಲೆ ಕೆಳಗೆ ಅದೇ ಎದುರು ಮುಖದ ಜೋಡಿ, ಬರೆದ ಗುರುತು ಅಳಿಸದಂತೆ ಹಿಡಿದಿಡಲು.

2007ರಲ್ಲಿ ಫರ್ಟ್ ಮತ್ತು ಗ್ರುನ್‌ಬರ್ಗ್ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡರು. ಗ್ರುನ್‌ಬರ್ಗ್ 2018ರಲ್ಲಿ ತೀರಿಕೊಂಡರು. ಇಂದಿನ ಹೆಡ್‌ಗಳಲ್ಲಿ ಇದರ ಮುಂದಿನ ತಲೆಮಾರಿನ ವಿಧಾನವಿದೆ. "ಇದರಿಂದ ಏನು ಉಪಯೋಗ?" ಅಂತ 1986ರಲ್ಲಿ ಯಾರಾದರೂ ಕೇಳಿದ್ದರೆ, ನಮ್ಮೂರ ಮದುವೆ ಫೋಟೋ ಅನ್ನುವ ಉತ್ತರ ಯಾರಿಗೂ ಹೊಳೆಯುತ್ತಿರಲಿಲ್ಲ.