ಪಾಠದ ಬಿಡುವಿನಲ್ಲಿ ಬೆಳೆದ ಪಾಠ

ಪ್ರಾಥಮಿಕ ಶಾಲೆಯ ಮೇಷ್ಟ್ರಾಗಲು ಡಿ.ಎಡ್. ಬೇಕು, ಪ್ರೌಢಶಾಲೆಗೆ ಬಿ.ಎಡ್. ಬೇಕು. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಮಾತ್ರ ಅಂಥ ತರಬೇತಿ ಕಡ್ಡಾಯವಲ್ಲ. ತಮ್ಮ ವಿಷಯದಲ್ಲಿ ಅವರು ಪಂಡಿತರಿರಬಹುದು. ಆದರೆ ಅದನ್ನು ಹೇಳಿಕೊಡುವ ಬಗೆಯನ್ನು ಕಲಿಯುವುದೆಲ್ಲಿ? ಬಹುಮಟ್ಟಿಗೆ ಅಧ್ಯಾಪಕರ ಕೊಠಡಿಯಲ್ಲಿ, ಎರಡು ಪೀರಿಯಡ್‌ಗಳ ನಡುವೆ, ಹಿರಿಯರೊಂದಿಗಿನ ಮಾತಿನಲ್ಲಿ.

ಈ ಮಾತುಕತೆಗೆ ನಡಾವಳಿ ಪುಸ್ತಕವಿಲ್ಲ. ಆದರೂ ಅದರ ಫಲ ಚರಿತ್ರೆಯಲ್ಲಿ ಉಳಿದಿದೆ.

ಚಿಕ್ಕಬಳ್ಳಾಪುರ ಬಳಿಯ ಮುದ್ದೇನಹಳ್ಳಿಯವರಾದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲವದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರತಂದರು. ಅದೇ ಕಾಲೇಜಿನ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿ, 1919ರಲ್ಲಿ 'ಪ್ರಬುದ್ಧ ಕರ್ನಾಟಕ'ವನ್ನು ಆರಂಭಿಸಿದರು. ಇವು ಸಿಲಬಸ್ಸಿನಲ್ಲಿದ್ದ ಕೆಲಸಗಳಲ್ಲ. ತರಗತಿಯ ಹೊರಗೆ ಸಹೋದ್ಯೋಗಿಗಳು, ಗೆಳೆಯರು ಕಲೆತು ಕೈಗೊಂಡ ಕೆಲಸಗಳು. 'ವಿಜ್ಞಾನ' ಬಹುಕಾಲ ಬಾಳಲಿಲ್ಲ. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ತೋರಿಸಿಕೊಟ್ಟಿತು.

ಮುಂದೆ ಇದೇ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ. 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಅವರು ಹೈಸ್ಕೂಲು ಸೇರಲು ಊರಿನಿಂದ ಬೆಂಗಳೂರಿಗೆ ನಡೆದೇ ಹೋದವರು. 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು. ಅಮೆರಿಕದ ಓಹಾಯೋದಲ್ಲಿ ಡಾಕ್ಟರೇಟ್ ಪಡೆದು ಬಂದು, 1961ರಲ್ಲಿ ಪ್ರಿನ್ಸಿಪಾಲರಾದರು. ಮರುವರ್ಷವೇ ಬೆಂಗಳೂರು ಸೈನ್ಸ್ ಫೋರಂ ಹುಟ್ಟಿತು. ಪ್ರತಿ ವಾರ ಉಪನ್ಯಾಸ. ವಿಜ್ಞಾನಿಗಳ ಮಾತು ಕೇಳಲು ಯಾರು ಬೇಕಾದರೂ ಬರಬಹುದು. ಮೇಷ್ಟರೂ ಅಲ್ಲಿ ವಿದ್ಯಾರ್ಥಿಗಳ ಜೊತೆ ಕೇಳುಗರೇ. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ನರಸಿಂಹಯ್ಯನವರು, ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದು ಎಂದು ಕೊನೆಯವರೆಗೂ ಹೇಳುತ್ತಿದ್ದರು. ಅವರು 2005ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಸರ್ಕಾರವೂ ಈ ಕೊರತೆಯನ್ನು ಗುರುತಿಸಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ, ಯು.ಜಿ.ಸಿ. 1987ರಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಹೊಸ ಅಧ್ಯಾಪಕರಿಗೆ ಓರಿಯೆಂಟೇಷನ್, ಹಳಬರಿಗೆ ರಿಫ್ರೆಷರ್. ಇದರಿಂದ ಪ್ರಯೋಜನವಾಗಿದೆ, ನಿಜ. ಆದರೆ ಬಡ್ತಿಗೆ ಬೇಕಾದ ಸರ್ಟಿಫಿಕೇಟು ಬೇರೆ. 'ನಿನ್ನೆಯ ಪಾಠ ಮಕ್ಕಳಿಗೆ ಹತ್ತಲಿಲ್ಲ, ನೀವು ಹೇಗೆ ಹೇಳುತ್ತೀರಿ?' ಎಂದು ಪಕ್ಕದವರನ್ನು ಸಂಕೋಚವಿಲ್ಲದೆ ಕೇಳುವುದು ಬೇರೆ.

ಚಿಕ್ಕಬಳ್ಳಾಪುರ ಜಿಲ್ಲೆಯಂಥ ಕಡೆ ಈ ಪ್ರಶ್ನೆಗೆ ತೂಕ ಹೆಚ್ಚು. ಸಾದಲಿಯ ಕಡೆಯಿಂದ ಕಾಲೇಜಿಗೆ ಬರುವ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ವಿಜ್ಞಾನದ ಪದವಿಗೆ ಇಂಗ್ಲಿಷು. ಮೂರು ಭಾಷೆಗಳ ನಡುವೆ ಪಾಠ ಎಲ್ಲಿ ಜಾರಿಹೋಗುತ್ತದೆ ಎಂಬುದನ್ನು ಯಾವ ಸಿಲಬಸ್ಸೂ ಹೇಳುವುದಿಲ್ಲ. ಅದು ತಿಳಿದಿರುವುದು ಅಲ್ಲೇ ಪಾಠ ಮಾಡಿ ಪಳಗಿದ ಮೇಷ್ಟರಿಗೆ.

2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ವಿಭಜನೆಯಾಗಿ, ಕೋಲಾರದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂತು. ವಿಶ್ವವಿದ್ಯಾಲಯವೇನೋ ಹತ್ತಿರವಾಯಿತು. ಆದರೆ ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಹೊರೆ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇವೆಂಬ ಖಾತರಿ ಅವರಿಗಿಲ್ಲ. ಬಂದು, ಪಾಠ ಮುಗಿಸಿ, ಬಸ್ಸು ಹಿಡಿಯಬೇಕಾದವರಿಗೆ ಕೂತು ಮಾತಾಡಲು ಬಿಡುವೆಲ್ಲಿ?

ಮೇಷ್ಟರ ಹರಟೆಯನ್ನು ಕಾಲಹರಣವೆನ್ನುವವರುಂಟು. ಆದರೆ ಆ ಹರಟೆ ನಿಂತ ಕಾಲೇಜಿನಲ್ಲಿ ಪ್ರತಿಯೊಬ್ಬ ಹೊಸ ಅಧ್ಯಾಪಕರೂ ಹಿಂದಿನವರ ತಪ್ಪುಗಳನ್ನೇ ಮೊದಲಿನಿಂದ ಮಾಡಬೇಕಾಗುತ್ತದೆ. ಅದರ ನಷ್ಟ ಬೀಳುವುದು ಬೆಂಚಿನ ಮೇಲೆ ಕೂತವರಿಗೆ.