ಪೇಜರ್‌ಗಳು ಸುಮ್ಮನಾದ ದಿನ | ಭಾಗ 6

ನಮ್ಮ ದುರ್ಗದ ಓಬವ್ವನ ಕಥೆ ಎಲ್ಲರಿಗೂ ಗೊತ್ತಲ್ವಾ? ಕಹಳೆ ಊದಬೇಕಾದ ಗಂಡ ಊಟಕ್ಕೆ ಕೂತಿದ್ದ. ಕಹಳೆ ಕೇಳಿಸಲಿಲ್ಲ, ಹಾಗಾಗಿ ಕೋಟೆಯೊಳಗೆ ಎಲ್ಲರೂ ನಿಶ್ಚಿಂತೆ. ಕಿಂಡಿಯಲ್ಲಿ ಮಾತ್ರ ಹೈದರಾಲಿಯ ಸೈನಿಕರು ನುಸುಳ್ತಾ ಇದ್ರು.

ಪೇಜರ್ ಕಥೆನೂ ಹೀಗೇ. 1995ರಲ್ಲಿ ನಮ್ಮ ದೇಶದಲ್ಲಿ ಶುರುವಾದ ಈ ಪುಟ್ಟ ಡಬ್ಬಿ ಮೆಸೇಜ್ ತಗೋತಿತ್ತು, ವಾಪಸ್ ಏನೂ ಹೇಳ್ತಿರಲಿಲ್ಲ. ಟ್ರಾನ್ಸ್‌ಮಿಟರ್ ಕೆಟ್ರೂ ಜನ 'ಯಾರೂ ಕರೆದಿಲ್ಲ' ಅಂದ್ಕೊಳ್ಳೋರು. ಅದಕ್ಕೇ ಟ್ರಾನ್ಸ್‌ಮಿಟರ್‌ಗೇ ಅಲಾರಂ ಇಡ್ತಿದ್ರು: ಆಂಟೆನಾಗೆ ಹೋಗಬೇಕಾದ ಪವರ್ ತಿರುಗಿ ಬಂದ್ರೆ, ಮೆಷಿನ್ ಬಿಸಿಯಾದ್ರೆ ಕಂಟ್ರೋಲ್ ರೂಮಿಗೆ ಸುದ್ದಿ.

1998 ಮೇ 19. ಅಮೆರಿಕದ ಪೇಜರ್ ಟ್ರಾನ್ಸ್‌ಮಿಟರ್‌ಗಳಿಗೆ ಮೆಸೇಜ್ ತಲುಪಿಸ್ತಿದ್ದ ಗ್ಯಾಲಕ್ಸಿ 4 ಉಪಗ್ರಹದ ಕಂಟ್ರೋಲ್ ಕಂಪ್ಯೂಟರ್ ಕೈಕೊಡ್ತು. ಇನ್ನೊಂದು ಇತ್ತಲ್ಲ? ಅದು ಮೊದಲೇ ಕೆಟ್ಟಿತ್ತು, ಯಾರೂ ಗಮನಿಸಿರಲಿಲ್ಲ! (ನಮ್ಮ ಆಡಿಟಿಂಗ್ ಕ್ಲಾಸ್ ನೆನಪಾಯ್ತು.) ಟ್ರಾನ್ಸ್‌ಮಿಟರ್‌ಗಳು ಚೆನ್ನಾಗೇ ಇದ್ವು, ಕಳಿಸೋಕೆ ಏನೂ ಬರ್ತಿರಲಿಲ್ಲ ಅಷ್ಟೆ. ದೇಶದ ಶೇ 80ಕ್ಕೂ ಹೆಚ್ಚು ಪೇಜರ್‌ಗಳು ಸ್ತಬ್ಧ. ಡಾಕ್ಟರ್‌ಗಳನ್ನ ಕರೆಸೋಕೆ ಆಸ್ಪತ್ರೆಗಳು ಪರದಾಡಿದ್ವು.

ನಮ್ಮ ಕೋಟೇಲಿ ಕೊನೇಪಕ್ಷ ಓಬವ್ವ ನೀರು ತರೋಕೆ ಅಂತ ಎದ್ದು ಹೋಗಿದ್ಲು.